ಸಹಾಯ ಬೇಕು: ಪೆನ್ಶನ್‌ಗೆ ಮುಂಚೆ ರಜೆ, ಯೂನಿಟ್ ಫೀಲ್ಡ್‌ಗೆ ಹೊರಟಿದೆ

ಎಲ್ರಿಗೂ ನಮಸ್ಕಾರ, ನಾವು ಪಾಂಡವಪುರ ಕಡೆಯವ್ರು. ನಮ್ಮೆಜಮಾನ್ರು ಆರ್ಮಿಲಿ ನಾಯಕ್, ಮಾರ್ಚ್ ಕೊನೆಗೆ ಪೆನ್ಶನ್ ಬರ್ತಾರೆ, ಆದ್ರೆ ಯೂನಿಟ್ ಜನವರಿಲೇ ಫೀಲ್ಡ್ ಏರಿಯಾಗೆ (ಗಡಿ ಥರದ ಕಷ್ಟದ ಡ್ಯೂಟಿ ಜಾಗ) ಮೂವ್ ಆಗ್ತಿದ್ಯಂತೆ. ವರ್ಷಕ್ಕೆ 60 ದಿನ ಆನ್ಯುವಲ್ ಲೀವು 30 ದಿನ ಕ್ಯಾಶುವಲ್ ಇರುತ್ತಲ್ಲ, ಹೊಸ ವರ್ಷದ ರಜೆ ಮೊದಲೇ ತಗೊಂಡು ಊರಿಂದ ಸೀದಾ ರೆಜಿಮೆಂಟ್ ಸೆಂಟರ್‌ಗೆ (ಸರ್ವಿಸ್ ಮುಗಿಸಿ ಕಳಿಸೋ ಜಾಗ) ಡಿಸ್ಚಾರ್ಜ್‌ಗೆ ಹೋಗಕ್ಕಾಗುತ್ತಾ, ಇಲ್ಲ ಫೀಲ್ಡ್‌ಗೆ ಹೋಗ್ಲೇಬೇಕಾ? ಉಳಿಸಿಟ್ಟ ರಜೆಗೆ 300 ದಿನದವರೆಗೂ ದುಡ್ಡು ಕೊಡ್ತಾರಲ್ಲ, ಇದ್ರಿಂದ ಅದೇನಾದ್ರೂ ಕಟ್ ಆಗುತ್ತಾ?

ಅವ್ರು ಡ್ಯೂಟಿ ತಪ್ಪಿಸ್ಕೊಳ್ಳೋರಲ್ಲ, ಕೇಳಕ್ಕೇ ಸಂಕೋಚ ಪಡ್ತಾರೆ, ಆದ್ರೆ ಫೆಬ್ರವರಿಲಿ ಅತ್ತೆಗೆ ಮೈಸೂರಲ್ಲಿ ಮಂಡಿ ಆಪರೇಷನ್ ಇದೆ, ಮಗನಿಲ್ದೆ ಬೇಡ ಅಂತ ಕೂತವ್ರೆ. ಇದೇ ಥರ ಯೂನಿಟ್ ಮೂವ್ ಟೈಮಲ್ಲಿ ಪೆನ್ಶನ್ ಬಂದಿರೋ ಅಣ್ಣಂದ್ರು ಯಾರಾದ್ರೂ ಇದ್ರೆ ಅರ್ಜಿ ಎಷ್ಟು ಮುಂಚೆ ಕೊಟ್ರಿ, ಕಂಪನಿ ಕಮಾಂಡರ್ ಹತ್ರ ಹೆಂಗೆ ಕೇಳಿದ್ರಿ ಸ್ವಲ್ಪ ಹೇಳಿ.