ಹೊಸ ಫ್ಯಾನ್ (ಪ್ರೊಪೆಲ್ಲರ್) ಹಾಕಿದ ಮೇಲೆ ದೋಣಿಯ ವೇಗ ಇನ್ನೂ ಇಳಿದಿದೆ, ಏನು ಮಾಡಲಿ?

ಅಳಿವೆ ದೋಣಿ:
ಎಲ್ಲರಿಗೂ ನಮಸ್ಕಾರ. ನಾನು ಗಂಗೊಳ್ಳಿ ಕಡೆಯವನು. ನಮ್ಮದು 22 ಅಡಿಯ ಫೈಬರ್ ನಾಡದೋಣಿ, 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್). ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಎರಡು ವರ್ಷದ ಹಿಂದೆ ಬಲೆ ಇಲ್ಲದೆ ಇಬ್ಬರೇ ಹೋದರೆ ಮೊಬೈಲ್ ಜಿಪಿಎಸ್‌ನಲ್ಲಿ ಗಂಟೆಗೆ 20 ಕಿ.ಮೀ. ತೋರಿಸುತ್ತಿತ್ತು. ಈ ವರ್ಷ 16 ದಾಟಲೇ ಇಲ್ಲ. ಪಿಚ್ ಜಾಸ್ತಿ ಇರುವ ಫ್ಯಾನ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. 8 ಇಂಚು ಪಿಚ್‌ನದು ತೆಗೆದು 10 ಇಂಚಿನದು ಹಾಕಿದೆ. ಈಗ 14! ದುಡ್ಡೂ ಹೋಯಿತು, ಇದ್ದ ವೇಗವೂ ಹೋಯಿತು. ಸುಮ್ನೆ 15 ಎಚ್‌ಪಿ ಎಂಜಿನ್ ತೆಗೆದುಕೊಳ್ಳುವುದೇ ವಾಸಿಯಾ?

ಗ್ರೀಸ್ ಕೈ:
15 ಎಚ್‌ಪಿ ಮಾತು ಆಮೇಲೆ ಮಾರಾಯ್ರೆ. 10 ಎಚ್‌ಪಿ ದಾಟಿದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ನೀವೂ ದಡದಲ್ಲೇ ಕೂರಬೇಕಾಗುತ್ತದೆ. ಮೊದಲು ಒಂದು ಪ್ರಶ್ನೆ: ಫುಲ್ ಕೊಟ್ಟಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಎಷ್ಟು? ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಮೀಟರ್ ಸಿಗುತ್ತದೆ, ಅದು ಸಾಕು. ಹಳೆಯ ಫ್ಯಾನಿನಲ್ಲೂ ಹೊಸದರಲ್ಲೂ ನೋಡಿ ಹೇಳಿ. ಗೇರ್ ಅನುಪಾತ, ಅಂದರೆ ಫ್ಯಾನಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತುತ್ತದೆ ಅನ್ನುವುದು, ಎಂಜಿನ್ ಪುಸ್ತಕದಲ್ಲಿ ಇರುತ್ತದೆ.

ಅಳಿವೆ ದೋಣಿ:
ನೋಡಿದೆ ಅಣ್ಣ. 10 ಪಿಚ್‌ನಲ್ಲಿ 4100. ಹಳೆಯ 8 ಪಿಚ್ ಮತ್ತೆ ಹಾಕಿದರೆ 4600, ವೇಗ 16. ಅನುಪಾತ 2.08. ಫುಲ್‌ನಲ್ಲಿ 4500ರಿಂದ 5500 ಇರಬೇಕು ಎಂದು ಬರೆದಿದೆ.

ಗ್ರೀಸ್ ಕೈ:
ಅಲ್ಲೇ ಇದೆ ನೋಡಿ ಉತ್ತರ. ಪಿಚ್ ಅಂದರೆ ಫ್ಯಾನ್ ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವುದು. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, 0.0015ರಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತದೆ. ನಿಮ್ಮ ಹೊಸ ಫ್ಯಾನ್: 4100 ಸುತ್ತು, 10 ಇಂಚು, ಸುಮಾರು 30. ಹಳೆಯ 8 ಇಂಚಿನ ಫ್ಯಾನಿನಲ್ಲಿ ಎಂಜಿನ್ 5200 ಸುತ್ತಿದ್ದರೂ 30 ಕಿ.ಮೀ.ಯೇ! ದೊಡ್ಡ ಪಿಚ್‌ನಿಂದ ಸಿಕ್ಕಿದ್ದು ಏನೂ ಇಲ್ಲ. ಎಂಜಿನ್‌ಗೆ ಉಸಿರು ಕಟ್ಟಿತು, ಅಷ್ಟೇ. ಪಿಚ್ ಒಂದು ಇಂಚು ಏರಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಆರ್‌ಪಿಎಂ ಮೇಲಿನ ಮಿತಿ ಮುಟ್ಟುತ್ತಿದ್ದರೆ ಮಾತ್ರ ಪಿಚ್ ಏರಿಸುವ ಯೋಚನೆ ಮಾಡಬೇಕು. (ನಿಜವಾದ ವೇಗ ಈ 30ಕ್ಕಿಂತ ಕಡಿಮೆಯೇ. ನೀರಲ್ಲಿ ಫ್ಯಾನ್ ಜಾರುತ್ತದೆ, ನಾಡದೋಣಿಯಲ್ಲಂತೂ ಜಾಸ್ತಿ.)

ಈಗ ಹಳೆಯ ಫ್ಯಾನಿನಲ್ಲೂ 4600 ಅಂದರೆ ಎಂಜಿನ್ ಪೂರ್ತಿ ಕೊಡುತ್ತಿಲ್ಲ. ಒಂದು ಸಲ ಬರೀ ಪೆಟ್ರೋಲಿನಲ್ಲಿ ಓಡಿಸಿ. ಆಮೇಲೆ ಸೀಮೆಎಣ್ಣೆಯಲ್ಲಿ ಫುಲ್ ಕೊಟ್ಟು, ಇನ್ನೊಬ್ಬರು ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಇರಲಿ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗ ಕೈಗೆ ಕಟ್ಟಿಕೊಂಡೇ ಮಾಡಿ.

ಕಾರವಾರದವ:
ಮಧ್ಯೆ ಬರುತ್ತಿದ್ದೇನೆ. ಜಿಪಿಎಸ್ ವೇಗ ಎರಡೂ ದಿಕ್ಕಿನಲ್ಲಿ ನೋಡಿ ಸರಾಸರಿ ತೆಗೆದಿದ್ದೀರಾ? ಅಳಿವೆಯಲ್ಲಿ ಇಳಿತದ ನೀರಿನ ಜೊತೆ ಹೋದರೆ ಎರಡು ಮೂರು ಕಿ.ಮೀ. ಪುಕ್ಕಟೆ ಸಿಗುತ್ತದೆ! ಮತ್ತೆ ದೋಣಿಯ ಅಡಿ ಉಜ್ಜಿ ಎಷ್ಟು ದಿನವಾಯಿತು? ಚಿಪ್ಪು ಹತ್ತಿದ್ದರೆ ಯಾವ ಫ್ಯಾನೂ ಕೆಲಸಕ್ಕೆ ಬಾರದು.

ಅಳಿವೆ ದೋಣಿ:
ಎರಡೂ ಕಡೆ ನೋಡಿದ್ದೆ. ಅಡಿ ಹೋದ ತಿಂಗಳೇ ಉಜ್ಜಿದ್ದು, ಚಿಪ್ಪಿಲ್ಲ.
ಗ್ರೀಸ್ ಕೈ ಅಣ್ಣ, ಪೆಟ್ರೋಲಿನಲ್ಲಿ 5200 ಬಂತು! ಸೀಮೆಎಣ್ಣೆಗೆ ತಿರುಗಿಸಿದ ಕೂಡಲೇ 4600. ಬಲ್ಬ್ ಒತ್ತುತ್ತಾ ಇದ್ದರೆ 5000ದವರೆಗೆ ಏರುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ.

ಗ್ರೀಸ್ ಕೈ:
ಸೀಮೆಎಣ್ಣೆಯಲ್ಲಿ ಶಕ್ತಿ ಸ್ವಲ್ಪ ಕಡಿಮೆ ಇರುವುದು ಸಹಜ. ಆದರೆ 600 ಇಳಿಯುವುದು ಸಹಜ ಅಲ್ಲ. ಬಲ್ಬ್ ಒತ್ತಿದರೆ ಏರುತ್ತದೆ ಅಂದರೆ ಎಣ್ಣೆ ಸಾಕಷ್ಟು ಬರುತ್ತಿಲ್ಲ. ಪೆಟ್ರೋಲಿನಲ್ಲಿ ಸರಿ ಇದೆ, ಹಾಗಾಗಿ ಎಂಜಿನ್ನಿನ ಪಂಪ್ ಮೇಲೆ ಅನುಮಾನ ಬೇಡ. ಸೀಮೆಎಣ್ಣೆ ಟ್ಯಾಂಕಿನಿಂದ ಕಾಕ್‌ವರೆಗೆ (ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸುವ ನಲ್ಲಿ) ಹುಡುಕಿ. ಮುಚ್ಚಳದ ಗಾಳಿ ಸ್ಕ್ರೂ ಮೊದಲು ನೋಡಿ, ಎಷ್ಟೋ ಜನ ಬಿಚ್ಚುವುದನ್ನೇ ಮರೆಯುತ್ತಾರೆ. ಆಮೇಲೆ ಒಳಗಿನ ಜಾಲರಿ, ಕೊನೆಗೆ ಪೈಪು. ಹಳೆಯ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ ದಾರಿ ಕಟ್ಟುವುದುಂಟು.

ಮತ್ತೊಂದು. ದೋಣಿಯ ಅಡಿಗೆ ನೇರವಾದ ಒಂದು ರೀಪು ಹಿಡಿದು, ಫ್ಯಾನಿನ ಮೇಲಿರುವ ಕ್ಯಾವಿಟೇಶನ್ ಪ್ಲೇಟ್ ಎಲ್ಲಿದೆ ನೋಡಿ. ಅಡಿಯ ಮಟ್ಟಕ್ಕೆ ಹೆಚ್ಚುಕಡಿಮೆ ಸಮ ಇರಬೇಕು.

ಅಳಿವೆ ದೋಣಿ:
ಸಿಕ್ಕಿತು! ಟ್ಯಾಂಕಿನ ಜಾಲರಿ ತುಂಬ ಕಪ್ಪು ಕೆಸರು. ಪೈಪೂ ಒಳಗೆ ಉಬ್ಬಿತ್ತು, ಹೊಸದು ಹಾಕಿದೆ. ಈಗ ಸೀಮೆಎಣ್ಣೆಯಲ್ಲಿ 5000, ವೇಗ 18.
ಪ್ಲೇಟ್ ಮಾತ್ರ ಎರಡೂವರೆ ಇಂಚು ಕೆಳಗಿದೆ. ಎಂಜಿನ್ 20 ಇಂಚಿನ ಲಾಂಗ್ ಶಾಫ್ಟ್ (ಉದ್ದ ಕಾಲಿನದು). ಹೋದ ವರ್ಷ ಎಂಜಿನ್ ಕೂರುವ ಹಿಂಬದಿ ಹಲಗೆ ಕೊಳೆತಿತ್ತು, ರಿಪೇರಿ ಮಾಡಿದವರು ಗಿಡ್ಡ ಮಾಡಿಬಿಟ್ಟಿದ್ದಾರೆ. ನಾನೂ ಗಮನಿಸಲಿಲ್ಲ.

ಗ್ರೀಸ್ ಕೈ:
ಹಾಗಾದರೆ ಎಂಜಿನ್ನಿನ ಕಾಲು ಸುಮ್ನೆ ನೀರು ಎಳೆಯುತ್ತಿದೆ. ಗಟ್ಟಿಮರದ ತುಂಡಿಟ್ಟು ಮೊದಲು ಒಂದೂವರೆ ಇಂಚು ಮಾತ್ರ ಏರಿಸಿ. ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದು ಎಂಜಿನ್ ಕಿರುಚಿದರೆ ಜಾಸ್ತಿಯಾಯಿತು ಅಂತ ಅರ್ಥ. ಎಂಜಿನ್ ತಂಪು ಮಾಡುವ ನೀರು ಚಿಮ್ಮುವುದರ ಮೇಲೂ ಕಣ್ಣಿರಲಿ. ಕ್ಲ್ಯಾಂಪ್ ಬಿಗಿ ಮಾಡಿ ಎಂಜಿನ್‌ಗೆ ಒಂದು ಹಗ್ಗವನ್ನೂ ಕಟ್ಟಿ.

ಕಾರವಾರದವ:
ಬಲೆ ತುಂಬಿದ ಮೇಲೆ ಈ ವೇಗ ಇರುವುದಿಲ್ಲ, ಆಗ ಎಂಜಿನ್ ಬೈಯಬೇಡಿ. ಭಾರ ಜಾಸ್ತಿಯಾದರೆ ದೋಣಿ ತಾನೇ ಎಬ್ಬಿಸಿದ ಅಲೆ ಹತ್ತಲಾರದೆ ಸಿಕ್ಕಿಹಾಕಿಕೊಳ್ಳುತ್ತದೆ. 22 ಅಡಿಗೆ ಆ ಮಿತಿ ಗಂಟೆಗೆ 11 ಕಿ.ಮೀ. ಆಸುಪಾಸು. ಐಸ್ ಪೆಟ್ಟಿಗೆ ಪೂರ್ತಿ ಹಿಂದೆ ಇಡದೆ ನಡುವಿಗೆ ತನ್ನಿ.

ಅಳಿವೆ ದೋಣಿ:
ಒಂದೂವರೆ ಇಂಚು ಏರಿಸಿದೆ. ಬಲೆ ಇಲ್ಲದೆ ಇಬ್ಬರಿಗೆ 19.5, 5150 ಆರ್‌ಪಿಎಂ. ತಿರುವಿನಲ್ಲೂ ಕಿರುಚುವುದಿಲ್ಲ, ನೀರು ಚೆನ್ನಾಗಿ ಚಿಮ್ಮುತ್ತಿದೆ. ಬಲೆ, ಐಸ್, ನಾಲ್ಕು ಜನ ಇದ್ದಾಗ 14. ನಮಗೆ ಅಷ್ಟು ಸಾಕು. 10 ಪಿಚ್‌ನ ಫ್ಯಾನ್ ಒಂದು ವಾರವೂ ಓಡಿಲ್ಲ, ಹಗುರ ದೋಣಿಯವರಿಗೆ ಬೇಕಿದ್ದರೆ ಹೇಳಿ.