ತಮ್ಮನಿಗೆ ಸ್ಕಿಜೋಫ್ರೇನಿಯಾ, ಅಪ್ಪ ಸೋಮಾರಿ ಅಂತಾರೆ. ಹೇಗೆ ತಿಳಿಸಿ ಹೇಳಲಿ?

ಸಾಗರದ ಅಕ್ಕ:
ತಮ್ಮನಿಗೆ 26 ವರ್ಷ. ಡಿಪ್ಲೊಮಾ ಕೊನೇ ವರ್ಷದಲ್ಲಿ ಕಾಯಿಲೆ ಶುರುವಾಯಿತು. ಯಾರೋ ಬೈಯೋದು ಕೇಳಿಸುತ್ತೆ ಅನ್ನುತ್ತಿದ್ದ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೂ ತನ್ನ ಮಾತೇ ಆಡುತ್ತಿದ್ದಾರೆ ಅಂತ ಕಿಟಕಿಗೆ ಪಂಚೆ ಕಟ್ಟುತ್ತಿದ್ದ. ಮಾತ್ರೆಯಿಂದ ಅದು ಕಮ್ಮಿಯಾಗಿದೆ. ಈಗ ಸುಮ್ನೆ ಕೂತಿರುತ್ತಾನೆ. ಸ್ನಾನಕ್ಕೆ ಎಬ್ಬಿಸಿದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತುಬಿಡುತ್ತಾನೆ, ಬಕೆಟ್ ನೀರು ತಣ್ಣಗಾಗುವವರೆಗೂ. "ಉಣ್ಣೋಕೆ ಮಾತ್ರ ಕಾಯಿಲೆ ಇಲ್ಲ" ಅಂತ ಅಪ್ಪ ಶುರು ಮಾಡುತ್ತಾರೆ. ಇವನು ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಅಪ್ಪ ಕೆಟ್ಟವರಲ್ಲ. ರಾತ್ರಿ ಎದ್ದು ಅವನಿಗೆ ಹೊದಿಸುವವರೂ ಅವರೇ.

ಧಾರವಾಡದ ತಾಯಿ:
ತಂಗೀ, ನನ್ನ ಮಗನಿಗೂ ಇದೇ ಕಾಯಿಲೆ. ಇದು ಸೋಮಾರಿತನ ಅಲ್ಲವ್ವಾ. ಹುಮ್ಮಸ್ಸು ಬತ್ತಿ ಹೋಗೋದೂ ಕಾಯಿಲೆಯದೇ ಭಾಗ. ಡಾಕ್ಟರು ನೆಗೆಟಿವ್ ಲಕ್ಷಣ ಅನ್ನುತ್ತಾರೆ. ದನಿ ಕೇಳಿಸೋದನ್ನು ತಗ್ಗಿಸಿದಷ್ಟು ಸುಲಭವಾಗಿ ಮಾತ್ರೆ ಇದನ್ನು ತಗ್ಗಿಸೋದಿಲ್ಲ. ಮಾತ್ರೆಯ ಮಂಪರೂ ಇರಬಹುದು, ಡಾಕ್ಟರಿಗೆ ಹೇಳಿ. ನೀವಾಗಿಯೇ ಕಮ್ಮಿ ಮಾಡಬೇಡಿ. "ಸ್ನಾನ ಮಾಡು" ಅಂದರೆ ಅವರಿಗೆ ಅದು ಬೆಟ್ಟ. ನಾನು "ಚೊಂಬು ತಗೋ" ಅಷ್ಟೇ ಅಂತೀನಿ. ಆಮೇಲೆ ಕಾಯ್ತೀನಿ.

ಮೈಸೂರಿನವನು:
ನನ್ನ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಅಪ್ಪನನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮೇಡಂ. ಮಗಳು ಹೇಳಿದ್ದಕ್ಕಿಂತ ಡಾಕ್ಟರು ಹೇಳಿದ್ದು ನಾಟುತ್ತದೆ. ಆಸ್ಪತ್ರೆಯಿಂದ ಸದಾ ತಪ್ಪು ಹುಡುಕುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸೋದು ಜಾಸ್ತಿ ಅಂತ ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಕಂಡುಕೊಂಡಿದ್ದರು. ಹಾಗಂತ ಕಾಯಿಲೆ ಬಂದದ್ದೇ ಅಪ್ಪನಿಂದ ಅಂತ ಅಲ್ಲ. ಅದನ್ನೂ ಅವರಿಗೆ ಬಿಡಿಸಿ ಹೇಳಿ. ಎಷ್ಟೋ ಅಪ್ಪಂದಿರ ಸಿಟ್ಟಿನ ಕೆಳಗೆ ಇರೋದು ತನ್ನಿಂದಲೇ ಬಂತೇನೋ ಅನ್ನೋ ಭಯವೇ. ತಡೆಯೋಕಾಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2016ರ ಅಂಗವಿಕಲರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು.

ಸಾಗರದ ಅಕ್ಕ:
ಕಾರ್ಡ್ ಅಂದರೆ ಮನೆಯಲ್ಲಿ ಹೆದರುತ್ತಾರೆ, ಊರಿಗೆಲ್ಲ ಗೊತ್ತಾಗುತ್ತೆ ಅಂತ. ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬಂದಾಗ ತಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅವನು ಒಂದು ಮಾತೂ ಕೇಳದೆ ಬ್ಯಾಗ್ ಹಿಡಿದು ಹೊರಟ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವನನ್ನು ಬಚ್ಚಿಟ್ಟು ಆಗುವ ಮದುವೆ ನನಗೆ ಬೇಡ.
ಇನ್ನೊಂದು ಕೇಳಬೇಕಿತ್ತು. ಅವನು ಆಗಾಗ ಮಾತ್ರೆ ಬೇಡ ಅಂತಾನೆ. ಪುಡಿ ಮಾಡಿ ಸಾರಿಗೆ ಹಾಕೋಣ ಅಂತಾರೆ ಅಮ್ಮ. ಹಾಕಬಹುದಾ?

ಧಾರವಾಡದ ತಾಯಿ:
ಬೇಡವ್ವಾ. ಊಟದಲ್ಲಿ ಏನೋ ಬೆರೆಸುತ್ತಾರೆ ಅನ್ನೋ ಅನುಮಾನ ಈ ಕಾಯಿಲೆಯಲ್ಲಿ ಮೊದಲೇ ಜಾಸ್ತಿ. ಅದು ನಿಜ ಅಂತ ಗೊತ್ತಾದರೆ ಆಮೇಲೆ ನಿಮ್ಮ ಕೈಯಿಂದ ನೀರೂ ಕುಡಿಯಲಿಕ್ಕಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇವೆ. ನಮ್ಮ ಮನೆಯಲ್ಲಿ "ನುಂಗಿದೆಯಾ, ಇಲ್ಲವಾ" ಅನ್ನೋ ದಿನದ ಜಗಳ ನಿಂತಿದ್ದು ಅದರಿಂದಲೇ. ತಮ್ಮನಿಗೆ ಆಗಿ ಬರುತ್ತಾ ಅಂತ ಡಾಕ್ಟರನ್ನು ಕೇಳಿ. ಅವನ ಎದುರಿಗೇ ಕೇಳಿ.