ಹೊಸ ಬಾತ್ ಟವೆಲ್ ನೀರೇ ಹೀರುತ್ತಿಲ್ಲ, ನಾಲ್ಕು ಸಲ ಒಗೆದರೂ ಅಷ್ಟೇ

ಒದ್ದೆತಲೆ:
ತಿಂಗಳ ಹಿಂದೆ ಎರಡು ಟವೆಲ್ ತಂದೆ, ಒಂದು ಬಿಳಿ, ಒಂದು ಕಡುನೀಲಿ. ಮುಟ್ಟಿದರೆ ಬೆಣ್ಣೆ. ಆದರೆ ಮೈ ಒರೆಸಿಕೊಳ್ಳಲು ಹೋದರೆ ಎಮ್ಮೆ ಮೇಲೆ ಮಳೆ ಹೊಯ್ದ ಹಾಗೆ, ಬೆನ್ನ ಮೇಲಿನ ನೀರು ಈ ಕಡೆಯಿಂದ ಆ ಕಡೆಗೆ ಸರಿಯುತ್ತದೆ ಅಷ್ಟೇ, ಟವೆಲ್ ಒಳಗೆ ಇಳಿಯಲ್ಲ. ಮನೆಯಲ್ಲಿರೋ ಹಳೇ ಟವೆಲ್ ಸವೆದು ಜಾಲರಿ ಆಗಿದೆ, ಅದೇ ಇವಕ್ಕಿಂತ ವಾಸಿ.

ಮಾಡಿದ್ದು ಇಷ್ಟು: ಮಷಿನ್‌ನಲ್ಲಿ ನಾಲ್ಕು ಸಲ ಒಗೆದೆ. ತಣ್ಣೀರು, ಲಿಕ್ವಿಡ್ ಡಿಟರ್ಜೆಂಟ್, ಮೆತ್ತಗಾಗಲಿ ಅಂತ ಕೊನೆಗೆ ಒಂದು ಮುಚ್ಚಳ ಸಾಫ್ಟನರ್. ವಿನಿಗರ್, ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ಅಂತ ಒಬ್ಬರು ಹೇಳಿದರು. ಹಾಕಲಾ?

ಸುಮ್ನೆಬಂದೆ:
ಹತ್ತು ಸಲ ಒಗೀರಿ, ತಾನಾಗೇ ಸರಿಹೋಗುತ್ತೆ. ನಮ್ಮದೂ ಹಾಗೇ ಆಗಿತ್ತು.

ನೂಲೆಳೆ:
ಸಾಫ್ಟನರ್ ಹಾಕ್ತಾ ಇದ್ದರೆ ಹತ್ತಲ್ಲ, ನೂರು ಸಲ ಒಗೆದರೂ ಸರಿಹೋಗಲ್ಲ. ಬಟ್ಟೆಗೆ ಫಿನಿಶಿಂಗ್ ಕೊಡುವ ವಿಭಾಗದಲ್ಲಿ ಕೆಲಸ ಮಾಡಿದವನು ನಾನು, ಈ ತಪ್ಪು ಎಷ್ಟು ಜನ ಮಾಡ್ತಾರೆ ಅಂದರೆ ಲೆಕ್ಕ ಇಟ್ಟಿಲ್ಲ.

ಹತ್ತಿಗೆ ಹುಟ್ಟಿನಿಂದಲೇ ತೆಳುವಾದ ಮೇಣ ಇರುತ್ತೆ. ಗಿರಣಿಯಲ್ಲಿ ಕ್ಷಾರದ ನೀರಲ್ಲಿ ಬೇಯಿಸಿ ಅದನ್ನು ತೆಗೀತಾರೆ. ಆಗ ಟವೆಲ್ ಚೆನ್ನಾಗಿ ನೀರು ಕುಡಿಯುತ್ತೆ, ಆದರೆ ಕೈಗೆ ಒರಟು. ಒರಟು ಟವೆಲ್ಲನ್ನು ಅಂಗಡಿಯಲ್ಲಿ ಯಾರು ತಗೋತಾರೆ? ಅದಕ್ಕೇ ಕೊನೆಯಲ್ಲಿ ಸಾಫ್ಟನರ್ ಸವರುತ್ತಾರೆ, ಎಷ್ಟೋ ಸಲ ಸಿಲಿಕೋನ್. ನೀವು ಬೆಣ್ಣೆ ಅಂದಿರಲ್ಲ, ಅದರಲ್ಲಿ ದೊಡ್ಡ ಪಾಲು ಈ ಲೇಪದ್ದು.

ಮನೆಯ ಸಾಫ್ಟನರ್ ಮಾಡೋದೂ ಅದನ್ನೇ. ನೀರಲ್ಲಿ ಹತ್ತಿಯ ಎಳೆಗೆ ಋಣ ವಿದ್ಯುದಂಶ ಬರುತ್ತೆ, ಸಾಫ್ಟನರ್‌ನ ಅಣುವಿನ ತಲೆ ಧನ. ತಲೆ ಹೋಗಿ ಎಳೆಗೆ ಕಚ್ಚಿಕೊಳ್ಳುತ್ತೆ, ಜಿಡ್ಡಿನ ಬಾಲ ಹೊರಗೆ ಉಳಿಯುತ್ತೆ. ಅಂದರೆ ನೀವು ಟವೆಲ್ಲಿಗೆ ಎಣ್ಣೆಯ ರೇನ್‌ಕೋಟ್ ಹೊಲಿಸ್ತಾ ಇದ್ದೀರಿ, ನಾಲ್ಕು ಸಲ.

ಮೊದಲು ಪರೀಕ್ಷೆ ಮಾಡಿ. ಒಣ ಟವೆಲ್ ಮೇಜಿನ ಮೇಲೆ ಹಾಸಿ, 1 ಸೆಂ.ಮೀ. ಮೇಲಿನಿಂದ ಒಂದು ಹನಿ ನೀರು ಬಿಡಿ. ಬಗ್ಗಿ ಓರೆಯಾಗಿ ನೋಡಿ, ಹನಿಯ ಮೇಲಿನ ಹೊಳಪು ಆರುವವರೆಗೆ ಎಣಿಸಿ. ಲ್ಯಾಬ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಮಾಡ್ತಾರೆ. 5 ಸೆಕೆಂಡಿನೊಳಗೆ ಆರಿದರೆ ಟವೆಲ್ ಸರಿಯಾಗಿದೆ. ಹಳೆಯದು, ಬಿಳಿ, ನೀಲಿ, ಮೂರನ್ನೂ ನೋಡಿ ಹೇಳಿ.

ಒದ್ದೆತಲೆ:
ಮಾಡಿದೆ. ಹಳೆಯದರಲ್ಲಿ ಒಂದು ಅಂತ ಎಣಿಸೋಕೂ ಬಿಡಲಿಲ್ಲ, ಹನಿ ಮಾಯ. ಬಿಳಿಯದರ ಮೇಲೆ ಹನಿ ಕೆಸುವಿನ ಎಲೆ ಮೇಲೆ ಕೂತ ಹಾಗೆ ಗುಂಡಗೆ ಕೂತಿತು, ಟವೆಲ್ ಅಲ್ಲಾಡಿಸಿದರೆ ಉರುಳುತ್ತೆ! 40ರವರೆಗೆ ಎಣಿಸಿ ಕೈಬಿಟ್ಟೆ. ನೀಲಿಯದೂ ಅದೇ ಕಥೆ.

ನೂಲೆಳೆ:
ಉರುಳ್ತಾ ಇದೆ ಅಂದರೆ ಲೇಪ ಚೆನ್ನಾಗೇ ಇದೆ. ಈಗ ಕೇಳಿ. ವಿನಿಗರ್ ಆಮ್ಲ, ಸೋಡಾ ಕ್ಷಾರ. ಒಟ್ಟಿಗೆ ಹಾಕಿದರೆ ಬುಸ್ ಅಂತ ನೊರೆ ಬರುತ್ತೆ, ನೋಡೋಕೆ ಚೆಂದ. ನೊರೆ ಇಳಿದ ಮೇಲೆ ಉಳಿಯೋದು ಒಂದಿಷ್ಟು ಲವಣದ ನೀರು, ಎರಡೂ ಒಂದನ್ನೊಂದು ತಿಂದು ಹಾಕಿರ್ತವೆ. ಹಾಕೋದಾದರೆ ಬೇರೆ ಬೇರೆ ಹೊತ್ತಿಗೆ ಹಾಕಿ.

ಟವೆಲ್ ಮಾತ್ರ ಮಷಿನ್‌ಗೆ ಹಾಕಿ, ಡ್ರಮ್ ಅರ್ಧ ಖಾಲಿ ಇರಲಿ. ಬಿಳಿಗೆ 60 ಡಿಗ್ರಿ ನೀರು. ಡಿಟರ್ಜೆಂಟ್ ಯಾವಾಗಲೂ ಹಾಕೋದರ ಅರ್ಧ, ಜೊತೆಗೆ ಎರಡು ಚಮಚ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದರ ಕ್ಷಾರ ಬಲು ಮೆದು, ಜಿಡ್ಡಿಗೆ ಸಾಲದು. ವಾಷಿಂಗ್ ಸೋಡಾ ಬರಿಗೈಲಿ ಮುಟ್ಟಬೇಡಿ, ಚರ್ಮ ಉರಿಯುತ್ತೆ. ಒಗೆದಾದ ಮೇಲೆ ಎರಡು ಸಲ ಜಾಲಾಡಿಸಿ. ಕೊನೆಯ ನೀರಿಗೆ ಅರ್ಧ ಕಪ್ ಬಿಳಿ ವಿನಿಗರ್. ಇದನ್ನೇ ಮೂರು ಸಲ ಮಾಡಿ. ವಿನಿಗರ್ ಇರುವ ನೀರಿಗೆ ಬ್ಲೀಚ್ ಮಾತ್ರ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತೆ, ಅದು ವಿಷ.

ನೀಲಿಗೆ 40 ಡಿಗ್ರಿ ಸಾಕು, ಬಿಳಿ ಜೊತೆ ಸೇರಿಸಬೇಡಿ. ಬಣ್ಣ ಬಿಡುತ್ತಾ ಅನ್ನೋ ಅನುಮಾನ ಇದ್ದರೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ.

ಕೆಲವು ಸಿಲಿಕೋನ್ ಲೇಪ ಮನೆ ಒಗೆತಕ್ಕೆ ಅಷ್ಟು ಸುಲಭಕ್ಕೆ ಜಗ್ಗಲ್ಲ. ಬಳಸ್ತಾ ಬಳಸ್ತಾ ಉಜ್ಜಿ ಹೋಗಬೇಕು ಅಷ್ಟೇ.

ಬಕೆಟ್‌ರಾಣಿ:
ನಿಮ್ಮದು ಗಡಸು ನೀರಾ? ನಮ್ಮಲ್ಲಿ ಹಾಗೇ, ಪಾತ್ರೆ ಒಣಗಿದರೆ ಬಿಳಿ ಕಲೆ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಟ್ಟೆಯಲ್ಲೇ ಕೂತುಬಿಡುತ್ತೆ, ಟವೆಲ್ ಅಟ್ಟೆ ಆಗುತ್ತೆ. ಮೆತ್ತಗಾಗಲಿ ಅಂತ ಸಾಫ್ಟನರ್ ಹಾಕೋದು, ನೀರು ಹೀರಲ್ಲ ಅಂತ ಇನ್ನಷ್ಟು ಸೋಪು ಹಾಕೋದು, ಆ ಸುಳಿಗೆ ನಾನೂ ಸಿಕ್ಕಿದ್ದೆ. ನನಗೆ ವಿನಿಗರ್ ಕೆಲಸ ಮಾಡಿತು. ಆದರೆ ಪ್ರತಿ ಒಗೆತಕ್ಕೂ ಹಾಕಬೇಡಿ, ಮಷಿನ್‌ನ ರಬ್ಬರಿಗೆ ಒಳ್ಳೇದಲ್ಲ.

ಇನ್ನೊಂದು, ಹರವೋ ಮುಂಚೆ ಎರಡು ತುದಿ ಹಿಡಿದು ಪಟಪಟ ಅಂತ ಜೋರಾಗಿ ಕೊಡವಿ. ಮಲಗಿದ ಕುಣಿಕೆಗಳು ಎದ್ದು ನಿಲ್ತವೆ. ಇಸ್ತ್ರಿ ಹಾಕೋರಿದ್ದಾರೆ ಟವೆಲ್ಲಿಗೆ, ದೇವರೇ ಕಾಪಾಡಬೇಕು.

ಒದ್ದೆತಲೆ:
ಮೂರು ಸುತ್ತು ಮುಗೀತು. ಮೊದಲ ಸುತ್ತಿನಲ್ಲಿ ಮಷಿನ್ ಗಾಜಿನೊಳಗೆ ಬೆಟ್ಟದಷ್ಟು ನೊರೆ, ಅರ್ಧ ಡಿಟರ್ಜೆಂಟ್ ಹಾಕಿದ್ದಕ್ಕೇ! ಹಿಂದಿನ ಸೋಪೆಲ್ಲ ಒಳಗೇ ಇತ್ತು ಅನ್ಸುತ್ತೆ. ಬಿಳಿಯದು ಈಗ 4 ಸೆಕೆಂಡ್. ಸ್ವಲ್ಪ ಒರಟಾಗಿದೆ, ಪರವಾಗಿಲ್ಲ, ಮೈ ಒಣಗ್ತಾ ಇದೆ.

ನೀಲಿಯದು ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿಲ್ಲ. ಹನಿ ಹಾಗೇ ಕೂತಿರುತ್ತೆ. 40 ಡಿಗ್ರಿ ಸಾಲಲಿಲ್ಲವಾ?

ನೂಲೆಳೆ:
ಲೇಬಲ್‌ನಲ್ಲಿ ಏನು ಬರೆದಿದೆ?

ಒದ್ದೆತಲೆ:
ಕುತ್ತಿಗೆಗೆ ಚುಚ್ಚುತ್ತೆ ಅಂತ ಮೊದಲ ದಿನವೇ ಎರಡರದೂ ಕತ್ತರಿಸಿ ಬಿಸಾಕಿದ್ದೆ.

ನೂಲೆಳೆ:
ಹಾಗಾದರೆ ಸುಟ್ಟು ನೋಡೋಣ. ಒಂದೆಳೆ ದಾರ ತೆಗೆದು ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ, ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗೋ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತೆ. ಮಣಿ ಪೂರ್ತಿ ಆರೋವರೆಗೆ ಮುಟ್ಟಬೇಡಿ.

ಒದ್ದೆತಲೆ:
ಎರಡೂ ಕರಗಿ ಮಣಿ ಆದವು! ಬಿಳಿಯದೂ ಪಾಲಿಯೆಸ್ಟರಾ? ಮತ್ತೆ ಅದು ಹೇಗೆ ನೀರು ಹೀರ್ತಾ ಇದೆ?

ನೂಲೆಳೆ:
ದಾರ ಎಲ್ಲಿಂದ ತೆಗೆದಿರಿ? ಅಂಚಿನ ಹೊಲಿಗೆಯಿಂದ ತಾನೆ? ಹೊಲಿಗೆ ದಾರ ಬಹಳಷ್ಟು ಸಲ ಪಾಲಿಯೆಸ್ಟರೇ ಇರುತ್ತೆ, ಟವೆಲ್ ಪೂರ್ತಿ ಹತ್ತಿಯದಾದರೂ. ನಡುವಿನಿಂದ ಒಂದು ಕುಣಿಕೆ ಕತ್ತರಿಸಿ. ಎಳೆಯಬೇಡಿ, ಸಾಲು ಸಾಲಾಗಿ ಬರುತ್ತೆ. ಕತ್ತರಿಸಿದರೆ ಏನೂ ಆಗಲ್ಲ.

ಒದ್ದೆತಲೆ:
ಹೌದು, ಅಂಚಿನದೇ, ತಪ್ಪಾಯ್ತು. ಈಗ ಕುಣಿಕೆಯಿಂದ: ಬಿಳಿಯದು ಬೂದಿ, ಊದಿದರೆ ಹಾರಿಹೋಯ್ತು. ನೀಲಿಯದು ಕಪ್ಪು ಮಣಿ, ಸಾಸಿವೆ ಕಾಳಿನಷ್ಟು, ಉಗುರಲ್ಲಿ ಒತ್ತಿದರೂ ಒಡೆಯಲ್ಲ.

ನೂಲೆಳೆ:
ಗೊತ್ತಾಯ್ತಲ್ಲ. ಮಾಮೂಲಿ ಗಾಳಿಯಲ್ಲಿ ಹತ್ತಿ ತನ್ನ ತೂಕದ 7–8% ತೇವ ಹಿಡಿದಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಸುಮಾರು 0.4%. ಅದರ ಎಳೆಯೊಳಗೆ ನೀರಿಗೆ ಜಾಗವೇ ಇಲ್ಲ. ಅದಕ್ಕೆ ಇನ್ನು ವಿನಿಗರ್ ಸುರಿಯಬೇಡಿ.

ಸುಮ್ನೆಬಂದೆ:
ಮೈಕ್ರೋಫೈಬರ್ ಬಟ್ಟೆಯಲ್ಲೂ ಪಾಲಿಯೆಸ್ಟರೇ ಇರೋದು, ಅದು ಗಟಗಟ ಕುಡಿಯುತ್ತಲ್ಲ ಸ್ವಾಮಿ?

ನೂಲೆಳೆ:
ಒಳ್ಳೆ ಪ್ರಶ್ನೆ. ಅಲ್ಲಿ ನೀರು ಕೂರೋದು ಎಳೆಯ ಒಳಗಲ್ಲ, ಎಳೆ ಎಳೆಗಳ ನಡುವಿನ ಸಂದಿಯಲ್ಲಿ. ಎಳೆಗಳು ಕೂದಲಿಗಿಂತ ಎಷ್ಟೋ ಪಾಲು ಸಪೂರ, ಎಷ್ಟೋ ಬಟ್ಟೆಗಳಲ್ಲಿ ಸೀಳಿಯೂ ಇರುತ್ತವೆ, ಹಾಗಾಗಿ ಸಂದಿ ಲೆಕ್ಕವಿಲ್ಲದಷ್ಟು. ನೀಲಿ ಟವೆಲ್ಲಿನದು ದಪ್ಪ ಎಳೆ, ಆ ಉಪಾಯ ಅದಕ್ಕಿಲ್ಲ. ಅಂದ ಹಾಗೆ ಮೈಕ್ರೋಫೈಬರಿಗೂ ಸಾಫ್ಟನರ್ ಹಾಕಬಾರದು, ಸಂದಿ ಮುಚ್ಚಿಹೋಗುತ್ತೆ.

ಒದ್ದೆತಲೆ:
ಸರಿ ಸರ್, ನೀಲಿ ಟವೆಲ್ ಈಗ ಕುರ್ಚಿ ಬೆನ್ನಿಗೆ ಹೊದಿಕೆ, ಅಲ್ಲಿ ಬೆಣ್ಣೆ ಹಾಗಿದ್ದರೇ ಒಳ್ಳೇದು. ಬಿಳಿಯದು ಇವತ್ತು 3 ಸೆಕೆಂಡ್. ಸಾಫ್ಟನರ್ ಬಾಟ್ಲಿಯಲ್ಲಿ ಇನ್ನೂ ಮುಕ್ಕಾಲು ಉಳಿದಿದೆ, ಯಾರಿಗಾದರೂ ಬೇಕಾ?

ಬಕೆಟ್‌ರಾಣಿ:
ಬೇಡಪ್ಪ, ನಮ್ಮನೇಲೂ ಒಂದು ಉಳಿದಿದೆ.